ಮೈಲುತುತ್ತದ ಲೆಕ್ಕ ಇಟ್ಟವರಾರು?



ಮೇ ತಿಂಗಳು ಬಂತೆಂದರೆ ಲಿಂಗದಹಳ್ಳಿ ಸುತ್ತಿನ ನಮ್ಮೆಲ್ಲರ ಬಾಯಲ್ಲೂ ಒಂದೇ ಮಾತು: ಮೈಲುತುತ್ತ ಬಂತೇ, ದರ ಎಷ್ಟು, ಔಷಧಿ ಹೊಡೆಯುವ ಆಳು ಸಿಕ್ಕಿದನೇ. ಸಾಲದ ಲೆಕ್ಕ, ಕೂಲಿಯ ಲೆಕ್ಕ, ಗೊಬ್ಬರದ ಲೆಕ್ಕ ಇವೆಲ್ಲ ನಮ್ಮ ಪುಸ್ತಕಗಳಲ್ಲಿ ಉಂಟು. ಆದರೆ ನಮ್ಮ ತೋಟಕ್ಕೆ ಈತನಕ ಎಷ್ಟು ತಾಮ್ರ ಸುರಿದಿದ್ದೇವೆ, ಅದರಲ್ಲಿ ಎಷ್ಟು ಹೊರಗೆ ಹೋಯಿತು, ಎಷ್ಟು ಒಳಗೇ ಉಳಿಯಿತು ಎಂಬ ಲೆಕ್ಕವನ್ನು ಬರೆದಿಟ್ಟವರು ಅಪರೂಪ. ಆ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕೆಂಬುದೇ ಈ ಲೇಖನದ ಉದ್ದೇಶ. ಬೋರ್ಡೋ ದ್ರಾವಣವೇ ಬೇಡವೆಂದು ಹೇಳುವುದಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಏಕೆಂದರೆ ತಾಮ್ರದ ಮಾತೆತ್ತಿದ ಕೂಡಲೇ ‘ಹಾಗಾದರೆ ಕೊಳೆ ಬರಲಿ ಎನ್ನುತ್ತೀರಾ’ ಎಂದು ಎದ್ದು ನಿಲ್ಲುವವರಿದ್ದಾರೆ.

ಅವರ ಸಿಟ್ಟು ನ್ಯಾಯವಾದದ್ದೇ. ಕೊಳೆರೋಗಕ್ಕೆ ಮದ್ದಿಲ್ಲದಿದ್ದ ಕಾಲದಲ್ಲಿ ನಮ್ಮ ಹಿರಿಯರು ಕೊನೆ ಕೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಕಟ್ಟದ ಮರದ ಕಾಯಿ ಆಷಾಢ ಶ್ರಾವಣದಲ್ಲಿ ನೆಲಕ್ಕೆ ಬೀಳುತ್ತಿತ್ತು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, 1910ರಲ್ಲಿ ಅದರ ಶಿಲೀಂಧ್ರವನ್ನು ವಿವರಿಸಿ ಪುಸ್ತಕ ಪ್ರಕಟಿಸಿದರು. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಬಳಕೆಗೆ ತಂದಿದ್ದ ಸುಣ್ಣ ಮೈಲುತುತ್ತದ ಮಿಶ್ರಣವನ್ನು ಮಲೆನಾಡಿನ ಅಡಿಕೆ ಕೊನೆಗೆ ಹತ್ತಿಸಿದ ಕೀರ್ತಿ ಅವರದು. (ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಅಲ್ಲಿನವರು ಬಳಿಯುತ್ತಿದ್ದ ಹಸಿರು ನೀಲಿ ಬಣ್ಣವೇ ಈ ಮದ್ದಿನ ಮೂಲ. ಕಳ್ಳರಿಗೆ ಹಾಕಿದ ಬೇಲಿ ರೋಗಕ್ಕೆ ಬೇಲಿಯಾಯಿತು.) ಕಾಫಿಯ ಎಲೆ ತುಕ್ಕು ರೋಗಕ್ಕೂ ಕಪ್ಪು ಕೊಳೆಗೂ ಅದೇ ದ್ರಾವಣ ನಡೆಯಿತು. ನಮ್ಮ ‘ಕೊಳೆರೋಗ’ ಎಂಬ ಕನ್ನಡ ಮಾತು ಕಾಫಿಯ ಕಪ್ಪು ಕೊಳೆಯ ಶಿಲೀಂಧ್ರಕ್ಕೆ ಶಾಸ್ತ್ರೀಯ ಹೆಸರೇ ಆಗಿ ಹೋಗಿದೆ ಎಂದ ಮೇಲೆ ಈ ರೋಗದೊಂದಿಗೆ ನಮ್ಮ ಸಂಬಂಧ ಎಷ್ಟು ಹಳೆಯದೆಂದು ಬೇರೆ ಹೇಳಬೇಕಾಗಿಲ್ಲ.

ಅಂದರೆ ಮಲೆನಾಡಿನ ತೋಟಗಳಿಗೆ ನೂರು ವರ್ಷಕ್ಕೂ ಮೇಲ್ಪಟ್ಟು ತಾಮ್ರ ಬೀಳುತ್ತಿದೆ. ಎಷ್ಟು ಬೀಳುತ್ತಿದೆ?

ಮೈಲುತುತ್ತದ ತೂಕದಲ್ಲಿ ನಾಲ್ಕರಲ್ಲೊಂದು ಪಾಲು ತಾಮ್ರ. ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹಾಗಾಗಿ 200 ಲೀಟರಿನ ಒಂದು ಡ್ರಮ್ಮಿನಲ್ಲಿ ಅರ್ಧ ಕಿಲೋ ತಾಮ್ರ ಇರುತ್ತದೆ. ಎಕರೆಗೆ ಸುಮಾರು 550 ಮರ. ಒಂದು ಸುತ್ತಿಗೆ ಮೂರು ಡ್ರಮ್ಮು ಹಿಡಿಯಿತೆಂದು ಇಟ್ಟುಕೊಳ್ಳಿ. ವರ್ಷಕ್ಕೆ ಎರಡು ಸುತ್ತಾದರೆ ಆರು ಡ್ರಮ್ಮು, ಅಂದರೆ 3 ಕಿಲೋ ತಾಮ್ರ. ಮೂವತ್ತು ವರ್ಷಕ್ಕೆ 90 ಕಿಲೋ. ನಿಮ್ಮಲ್ಲಿ ಡ್ರಮ್ಮು ಹೆಚ್ಚೋ ಕಡಿಮೆಯೋ ನೋಡಿ ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಬಹುದು.

ಇನ್ನು ಖರ್ಚಿನ ಕಡೆ ನೋಡೋಣ. ಎಕರೆಗೆ ಹತ್ತು ಕ್ವಿಂಟಲ್ ಒಣ ಅಡಿಕೆ ಮಾರಿದೆವು, ಅದರಲ್ಲಿ ದಶಲಕ್ಷಕ್ಕೆ 20 ಭಾಗ ತಾಮ್ರ ಇತ್ತು ಎಂದೇ ಇಟ್ಟುಕೊಂಡರೂ ಗಾಡಿ ಹತ್ತಿ ತೋಟದಿಂದ ಹೊರಟ ತಾಮ್ರ 20 ಗ್ರಾಂ. ಒಳಗೆ ಬಂದದ್ದು 3,000 ಗ್ರಾಂ, ಹೊರಗೆ ಹೋದದ್ದು 20 ಗ್ರಾಂ! ದ್ರಾವಣ ಅಂಟಿದ ಸಿಪ್ಪೆಯನ್ನೂ ಸೋಗೆಯನ್ನೂ ತಿರುಗಿ ತೋಟಕ್ಕೇ ಹಾಕುತ್ತೇವೆ. ಅದರ ತಾಮ್ರವೂ ಅಲ್ಲಿಗೇ. ಸಾರಜನಕದಂತೆ ಇದು ಗಾಳಿಗೆ ಹಾರುವುದಿಲ್ಲ, ಪೊಟ್ಯಾಷಿನಂತೆ ಮಳೆನೀರಿನಲ್ಲಿ ಸುಲಭವಾಗಿ ಇಳಿದುಹೋಗುವುದಿಲ್ಲ, ಕೀಟನಾಶಕದಂತೆ ಒಡೆದು ಬೇರೊಂದಾಗುವುದಿಲ್ಲ. ಗೊಬ್ಬರದ ಕೊಳೆತ ಅಂಶಕ್ಕೂ ಮಣ್ಣಿನ ಕಬ್ಬಿಣಕ್ಕೂ ಅಂಟಿಕೊಂಡು ಮೇಲಿನ ಅರ್ಧ ಅಡಿಯಲ್ಲೇ ಕುಳಿತುಬಿಡುತ್ತದೆ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. 90 ಕಿಲೋ ತಾಮ್ರ ಅದರಲ್ಲಿ ಬೆರೆತರೆ ದಶಲಕ್ಷಕ್ಕೆ 100 ಭಾಗ, ಅಂದರೆ 100 ಪಿಪಿಎಂ ಆಯಿತು. ಮದ್ದು ಕಾಣದ ಸಾಮಾನ್ಯ ಮಣ್ಣಿನಲ್ಲಿ ಸರಾಸರಿ 20ರಿಂದ 30 ಪಿಪಿಎಂ ಇರುತ್ತದೆ. ಪಟ್ಟಣದ ಚರಂಡಿ ಗಸಿಯನ್ನು ಹೊಲಕ್ಕೆ ಹಾಕುವ ಬಗ್ಗೆ ಯುರೋಪಿನವರು 1986ರಲ್ಲಿ ನಿಯಮ ಮಾಡಿದಾಗ ಮಣ್ಣಿನ ತಾಮ್ರಕ್ಕೆ ಹಾಕಿದ ಮಿತಿ 50ರಿಂದ 140 ಪಿಪಿಎಂ. ನಮ್ಮದು ಚರಂಡಿ ಗಸಿಯಲ್ಲ, ಶುದ್ಧ ಮದ್ದೇ. ಆದರೆ ಬೇರಿಗೆ ಆ ವ್ಯತ್ಯಾಸ ತಿಳಿಯದು. ನೆರೆಯ ಚಿತ್ರದುರ್ಗದ ಇಂಗಳದಾಳದಲ್ಲಿ ತಾಮ್ರದ ಗಣಿ ನಡೆದದ್ದುಂಟು. ನಮ್ಮ ತೋಟಗಳಿಗೆ ತಾಮ್ರ ಬಂದದ್ದು ಗಣಿಯಿಂದಲ್ಲ, ಚೀಲದಿಂದ.

ಗಿಡ ಈ ತಾಮ್ರವನ್ನು ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಲ್ಲಿಯೇ ನಾವು ಮೋಸ ಹೋಗುವುದು.

ತಾಮ್ರ ಗಿಡಕ್ಕೆ ಬೇಕೇ ಬೇಕಾದ ವಸ್ತು. ಆದರೆ ಬೇಕಾದದ್ದು ಚಿಟಿಕೆಯಷ್ಟು: ಒಣ ಎಲೆಯ ತೂಕದಲ್ಲಿ 5ರಿಂದ 20 ಪಿಪಿಎಂ. ಅದಕ್ಕಿಂತ ಹೆಚ್ಚು ಬಂದರೆ ವಿಷ. ಹೀಗಾಗಿ ಗಿಡ ತನ್ನ ಬೇರನ್ನೇ ಬಾಗಿಲೂ ಉಗ್ರಾಣವೂ ಮಾಡಿಕೊಂಡಿದೆ. ಮಣ್ಣಿನ ನೀರಿನಲ್ಲಿ ಕರಗಿ ಬಂದ ತಾಮ್ರದಲ್ಲಿ ಒಂದು ಪಾಲು ಬೇರಿನ ಜೀವಕೋಶಗಳ ಗೋಡೆಗೇ ಅಂಟಿಕೊಳ್ಳುತ್ತದೆ. ಒಳಗೆ ನುಸುಳಿದ್ದನ್ನು ಗಂಧಕವಿರುವ ಸಣ್ಣ ಸಣ್ಣ ಪ್ರೋಟೀನುಗಳು ಹಿಡಿದು ಕಟ್ಟಿಹಾಕುತ್ತವೆ. ಕೋಶದ ನಡುವೆ ಇರುವ ರಸದ ಚೀಲಕ್ಕೂ ಒಂದಿಷ್ಟನ್ನು ತುಂಬಿ ಬಾಗಿಲು ಹಾಕಿಬಿಡುತ್ತದೆ. ಬೇರಿನ ನಡುಗೊಳವೆಯ ಸುತ್ತ ಮೇಣದಂಥ ಒಂದು ಪಟ್ಟಿ ಇದೆ. ಅಲ್ಲಿ ತಪಾಸಣೆಯಾಗದೆ ಯಾವುದೂ ಮೇಲಕ್ಕೆ ಹೋಗುವಂತಿಲ್ಲ. ಹೀಗಾಗಿ ಬೇರಿನಲ್ಲಿ ನೂರಾರು ಪಿಪಿಎಂ ತಾಮ್ರ ತುಂಬಿರುವಾಗಲೂ ಎಲೆಯಲ್ಲಿ 15 ಪಿಪಿಎಂ ಮಾತ್ರ ಇರುವುದುಂಟು. ಎಲೆ ಪರೀಕ್ಷೆಗೆ ಕಳಿಸಿದರೆ ‘ಎಲ್ಲ ಸರಿಯಾಗಿದೆ’ ಎಂಬ ಉತ್ತರ ಬರುತ್ತದೆ. ಉಗ್ರಾಣ ತುಂಬಿ ತುಳುಕಿದ್ದು ಅಂಗಳದಲ್ಲಿ ನಿಂತವನಿಗೆ ಕಾಣುವುದಿಲ್ಲ.

ಉಗ್ರಾಣ ತುಂಬಿದ ಮೇಲೆ ಮೊದಲು ಸಾಯುವುದು ಬೇರಿನ ತುದಿ. ಕೂದಲಿನಂಥ ಬಿಳಿ ಬೇರುಗಳು ಕಡಿಮೆಯಾಗಿ, ಉಳಿದವು ಗಿಡ್ಡಕ್ಕೆ, ದಪ್ಪಕ್ಕೆ, ಕಂದು ಬಣ್ಣಕ್ಕೆ ತಿರುಗುತ್ತವೆ. ಆಮೇಲೆ ಕಬ್ಬಿಣ, ಸತುವು ಸರಿಯಾಗಿ ಏರದೆ ಎಳೆಯ ಎಲೆ ಹಳದಿಯಾಗುತ್ತದೆ. ನಾವು ಸತುವಿನ ಕೊರತೆಯೆಂದು ಜಿಂಕ್ ಸಲ್ಫೇಟು ಹೊಡೆಯುತ್ತೇವೆ, ನೀರು ಸಾಲದೆಂದು ಇನ್ನೊಂದು ಬೋರು ಕೊರೆಸುತ್ತೇವೆ. ಹಳದಿಯಾದ ಎಲ್ಲ ತೋಟಕ್ಕೂ ತಾಮ್ರವೇ ಕಾರಣವೆಂದು ನಾನು ಹೇಳುವುದಿಲ್ಲ. ಬಸಿಗಾಲುವೆ ಮುಚ್ಚಿಹೋದದ್ದೇ ಕಾರಣವಾದ ತೋಟಗಳು ಬೇಕಾದಷ್ಟಿವೆ. ಆದರೆ ಕಾರಣಗಳ ಪಟ್ಟಿಯಲ್ಲಿ ತಾಮ್ರದ ಹೆಸರೇ ಇಲ್ಲದಿರುವುದು ಸರಿಯಲ್ಲ.

ದೊಡ್ಡ ಮರಕ್ಕೆ ಆಳದ ಬೇರಿನ ಆಸರೆ ಇರುವುದರಿಂದ ಹೇಗೋ ತಡೆದುಕೊಳ್ಳುತ್ತದೆ. ಪೆಟ್ಟು ಬೀಳುವುದು ಮುಂದಿನ ತಲೆಮಾರಿಗೆ. ಹಳೆಯ ತೋಟದ ನಡುವೆ ಇಡುವ ಹೊಸ ಅಡಿಕೆ ಸಸಿ, ಬದಲಿಗೆ ಹಾಕುವ ಕಾಫಿ ಗಿಡ, ಇವುಗಳ ಬೇರು ಮೊದಲ ಎರಡು ಮೂರು ವರ್ಷ ಹರಡುವುದೇ ತಾಮ್ರ ಕುಳಿತ ಆ ಮೇಲ್ಮಣ್ಣಿನಲ್ಲಿ. ಬೋರ್ಡೋ ಹುಟ್ಟಿದ ಫ್ರಾನ್ಸಿನಲ್ಲೇ ಇದು ಕಂಡುಬಂದಿದೆ. ಹುಳಿ ಗುಣದ ಮರಳು ಮಣ್ಣಿನಲ್ಲಿ ಹಳೆಯ ದ್ರಾಕ್ಷಿ ಬಳ್ಳಿಗಳು ನಿಂತಿದ್ದವು. ಅವನ್ನು ಕಿತ್ತು ಹೊಸದು ನೆಟ್ಟಾಗ ಏಳಲಿಲ್ಲ. ಮಣ್ಣಿನಲ್ಲಿ ತಾಮ್ರ ನೂರಾರು ಪಿಪಿಎಂ ಸೇರಿತ್ತು. ಅಮೆರಿಕದ ಫ್ಲಾರಿಡಾದ ಕಿತ್ತಳೆ ತೋಟಗಳಲ್ಲಿ 1950ರ ದಶಕದಲ್ಲಿ ಇದೇ ಕಥೆ. ಅಲ್ಲಿ ಮದ್ದಿನ ಜೊತೆಗೆ ಗೊಬ್ಬರದಲ್ಲೂ ತಾಮ್ರ ಹಾಕಿದ್ದರು. ಇದನ್ನೆಲ್ಲ ಕಂಡೇ ಯುರೋಪಿನವರು 2019ರಿಂದ ತಮ್ಮ ರೈತರಿಗೆ ಹೆಕ್ಟೇರಿಗೆ ಏಳು ವರ್ಷದಲ್ಲಿ ಒಟ್ಟು 28 ಕಿಲೋ ತಾಮ್ರ ಎಂದು ಗೆರೆ ಎಳೆದರು. ಅದನ್ನು ನಮ್ಮ ಅಳತೆಗೆ ತಂದರೆ ಎಕರೆಗೆ ವರ್ಷಕ್ಕೆ ಸುಮಾರು 1.6 ಕಿಲೋ. ಮೇಲೆ ಹಾಕಿದ ನಮ್ಮ ಲೆಕ್ಕ 3 ಕಿಲೋ!

‘ನಮ್ಮದು ಕೆಮ್ಮಣ್ಣು, ಎಲ್ಲವನ್ನೂ ನುಂಗುತ್ತದೆ’ ಎನ್ನುವವರಿಗೆ ಒಂದು ಮಾತು. ಅದು ಅರ್ಧ ನಿಜ. ನಮ್ಮ ತಲೆಯ ಮೇಲಿರುವ ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದದ್ದೇ ಕಬ್ಬಿಣದ ಮಣ್ಣಿನಿಂದ. ಭದ್ರಾವತಿಯ ಕಾರ್ಖಾನೆಗೆ ಅದಿರು ಹೋದದ್ದೂ ಅಲ್ಲಿಂದಲೇ. ಕಬ್ಬಿಣದ ಈ ಕೆಂಪು ಪುಡಿ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಜ. ಆದರೆ ಮಣ್ಣು ಹುಳಿಯಾದಷ್ಟೂ ಆ ಹಿಡಿತ ಸಡಿಲವಾಗುತ್ತದೆ. ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಹುಣಿಸೆಹುಳಿ ಇಡಬಾರದೆಂದು ನಮ್ಮ ಮನೆಯ ಹೆಂಗಸರಿಗೆ ಯಾವ ಪ್ರಯೋಗಾಲಯವೂ ಕಲಿಸಬೇಕಾಗಿಲ್ಲ. ಹುಳಿ ತಾಮ್ರವನ್ನು ಕರಗಿಸುತ್ತದೆ, ಕಿಲುಬು ಅಡುಗೆಗೆ ಇಳಿಯುತ್ತದೆ. ತೋಟದಲ್ಲೂ ಅದೇ ಸೂತ್ರ. ಯೂರಿಯಾ, ಅಮೋನಿಯಂ ಗೊಬ್ಬರಗಳನ್ನು ವರ್ಷವರ್ಷ ಹಾಕಿ ಸುಣ್ಣ ಮರೆತ ತೋಟದಲ್ಲಿ ರಸಸಾರ 5ಕ್ಕಿಂತ ಕೆಳಗೆ ಇಳಿದಿದ್ದರೆ, 100 ಪಿಪಿಎಂ ತಾಮ್ರ ಅಲ್ಲಿ ಮಾಡುವ ಕೇಡು ರಸಸಾರ 6 ಇರುವ ತೋಟದಲ್ಲಿ ಮಾಡುವುದಕ್ಕಿಂತ ಬಹಳ ಹೆಚ್ಚು. ಮಣ್ಣಿನಲ್ಲಿ ಎಷ್ಟಿದೆ ಎಂಬುದು ಒಂದು, ಬೇರಿಗೆ ಎಷ್ಟು ಸಿಗುತ್ತದೆ ಎಂಬುದು ಇನ್ನೊಂದು. ಕಬ್ಬಿಣದ ಗುಡ್ಡದ ಮೇಲೆಯೇ ಕಬ್ಬಿಣದ ಕೊರತೆಯಿಂದ ಗಿಡ ಹಳದಿಯಾಗಬಹುದು. ನೀರು ನಿಂತ ತಗ್ಗಿನ ತೋಟದಲ್ಲಿ ಅದೇ ಕಬ್ಬಿಣ ಕರಗಿ ವಿಷವಾಗಬಹುದು.

ತೋಟದಲ್ಲಿ ಔಷಧಿ ಕಲಸುವ ಜಾಗವನ್ನೂ ಇದೇ ಕಣ್ಣಿನಿಂದ ಒಮ್ಮೆ ನೋಡಿ. ತೊಟ್ಟಿಯ ಪಕ್ಕ, ಬಾವಿಯ ಹತ್ತಿರ, ವರ್ಷವೂ ಅದೇ ಜಾಗ. ಡ್ರಮ್ಮು ತೊಳೆದ ನೀರು, ಉಳಿದ ದ್ರಾವಣ, ತಳದ ಗಸಿ ಎಲ್ಲ ಅಲ್ಲಿಗೇ. ಅಲ್ಲಿನ ನಾಲ್ಕು ಮರಗಳನ್ನು ಬೇರೆ ಮರಗಳೊಂದಿಗೆ ಹೋಲಿಸಿ. ಒಂದು ಗುದ್ದಲಿ ಮಣ್ಣು ತೆಗೆದು ಎರೆಹುಳು ಎಣಿಸಿ. ತಾಮ್ರ ಹೆಚ್ಚಾದ ಮಣ್ಣಿನಿಂದ ಮೊದಲು ಊರು ಬಿಡುವುದು ಎರೆಹುಳುವೇ.

ತಾಮ್ರವನ್ನು ಬೇರೆ ಗಿಡ ಬೆಳೆಸಿ ತೆಗೆಯಬಹುದಲ್ಲ ಎಂದು ಓದಿ ತಿಳಿದ ಯುವಕರು ಕೇಳುತ್ತಾರೆ. ಲೋಹ ಕುಡಿಯುವ ಗಿಡಗಳು ಲೋಕದಲ್ಲಿವೆ, ಸುಳ್ಳಲ್ಲ. ನ್ಯೂ ಕ್ಯಾಲಿಡೋನಿಯಾ ದ್ವೀಪದ ಒಂದು ಮರದ ಹಾಲು ನೀಲಿ ಹಸಿರು; ಅದನ್ನು ಒಣಗಿಸಿದರೆ ತೂಕದಲ್ಲಿ ನಾಲ್ಕರಲ್ಲೊಂದು ಪಾಲು ನಿಕಲ್ ಲೋಹವೆಂದು 1976ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಹಳೆಯ ಬಾವಿಯ ಕಲ್ಲು ಸಂದಿಗಳಲ್ಲಿ ಬೆಳೆಯುವ ಒಂದು ಜಾತಿಯ ಜರಿಗಿಡ ಪಾಷಾಣವನ್ನು ಮಣ್ಣಿನಿಂದ ಹೀರಿ ಎಲೆಯಲ್ಲಿ ತುಂಬಿಕೊಳ್ಳುವುದನ್ನು 2001ರಲ್ಲಿ ಫ್ಲಾರಿಡಾದ ವಿಜ್ಞಾನಿಗಳು ತೋರಿಸಿದರು. ನಮ್ಮ ಜಿಲ್ಲೆಯಲ್ಲೇ ಬೆಳೆಯುವ ಚಹಾ ಗಿಡ ಅಲ್ಯೂಮಿನಿಯಮನ್ನು ಹಳೆಯ ಎಲೆಗಳಲ್ಲಿ ಕೂಡಿಡುತ್ತದೆ. ಆದರೆ ತಾಮ್ರದ ವಿಷಯದಲ್ಲಿ ಈ ಆಸೆ ಬೇಡ. ಎಕರೆಗೆ 2 ಟನ್ ಒಣ ಸೊಪ್ಪು ಕೊಡುವ ಸಾಸಿವೆ ಬೆಳೆದು, ಅದರಲ್ಲಿ 50 ಪಿಪಿಎಂ ತಾಮ್ರ ಏರಿತೆಂದೇ ಎಣಿಸಿದರೂ ಒಂದು ಬೆಳೆ ಹೊತ್ತೊಯ್ಯುವುದು 100 ಗ್ರಾಂ. ತೊಂಬತ್ತು ಕಿಲೋ ಖಾಲಿಯಾಗಲು ಒಂಬೈನೂರು ಬೆಳೆ ಬೇಕು. ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಮುಗಿಯದ ಕೆಲಸ. ಸುರಿದದ್ದನ್ನು ತೆಗೆಯಲಾರೆವು, ಸುರಿಯುವುದನ್ನು ತಗ್ಗಿಸಬಹುದು, ಸುರಿದದ್ದನ್ನು ಸುಣ್ಣದಿಂದಲೂ ಕೊಟ್ಟಿಗೆ ಗೊಬ್ಬರದಿಂದಲೂ ಕಟ್ಟಿಹಾಕಬಹುದು. ಅಷ್ಟೇ ನಮ್ಮ ಕೈಯಲ್ಲಿರುವುದು.

ತಗ್ಗಿಸುವ ಮಾತು ಈಗ ಏಕೆ ಬಂತೆಂದರೆ, ಈಚಿನ ವರ್ಷಗಳಲ್ಲಿ ಸುತ್ತು ಹೆಚ್ಚುತ್ತಿದೆ. 2022ರ ಹೊತ್ತಿಗೆ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರದ ಕಡೆ ಎಲೆಚುಕ್ಕಿ ರೋಗ ತೋಟ ತೋಟಗಳನ್ನೇ ಸುಟ್ಟಂತೆ ಮಾಡಿದ ಮೇಲೆ, ಕೊನೆಗೆ ಮಾತ್ರ ಹೊಡೆಯುತ್ತಿದ್ದ ದ್ರಾವಣ ಇಡೀ ತಲೆಗೆ ಹೋಗುತ್ತಿದೆ. ಕಾರ್ಬನ್ ದೋಟಿ ಬಂದು ಮರ ಹತ್ತುವ ಕಷ್ಟ ತಪ್ಪಿತು. ಒಳ್ಳೆಯದೇ, ಆದರೆ ಹೊಡೆಯುವುದು ಸುಲಭವಾದಷ್ಟೂ ‘ಇನ್ನೊಂದು ಸುತ್ತು ಇರಲಿ’ ಎಂಬ ಮಾತೂ ಸುಲಭವಾಗಿದೆ. ರೋಗ ಬಿದ್ದ ತೋಟದವರು ಹೊಡೆಯಲೇಬೇಕು, ಅವರಿಗೆ ಉಪದೇಶ ಮಾಡುವ ಹಕ್ಕು ನಮಗಿಲ್ಲ. ಆದರೆ ಲಿಂಗದಹಳ್ಳಿ ಆಗುಂಬೆಯಲ್ಲ. ನಾವು ಬಾಬಾಬುಡನ್ ಬೆಟ್ಟದ ಬುಡದ ಅರೆಮಲೆನಾಡಿನವರು. ಇನ್ನಷ್ಟು ಪೂರ್ವಕ್ಕೆ ಅಜ್ಜಂಪುರ, ಕಡೂರಿನ ಕಡೆ ಬೋರ್‌ವೆಲ್ ನೀರಿನಲ್ಲಿ ಅಡಿಕೆ ಎದ್ದಿರುವುದು ಬಯಲಲ್ಲಿ. ಘಟ್ಟದ ಮಳೆಗೆಂದು ಹೇಳಿದ ಮೂರು ಸುತ್ತನ್ನು ಇಲ್ಲಿ ಕಣ್ಣುಮುಚ್ಚಿ ಅನುಸರಿಸುವುದು ನನಗೆ ದುಂದಾಗಿ ಕಾಣುತ್ತದೆ. ಮುಂಗಾರಿಗೆ ಮುಂಚಿನ ಒಂದು ಸುತ್ತನ್ನು ಸರಿಯಾದ ಸಮಯಕ್ಕೆ, ಕೊನೆ ಚೆನ್ನಾಗಿ ತೊಯ್ಯುವಂತೆ, ಆಗತಾನೆ ಕಲಸಿದ ದ್ರಾವಣದಲ್ಲಿ ಹೊಡೆದು, ಎರಡನೆಯದನ್ನು ನಲವತ್ತು ನಲವತ್ತೈದು ದಿನದ ಮೇಲೆ ಮಳೆ ನೋಡಿ ನಿರ್ಧರಿಸಿದರೆ ಸಾಕಾಗುವ ವರ್ಷಗಳೇ ನಮ್ಮಲ್ಲಿ ಹೆಚ್ಚು. ಬಿದ್ದ ಕೊಳೆಕಾಯಿ ಹೆಕ್ಕಿ ಸುಡುವುದು, ಬಸಿಗಾಲುವೆ ಬಿಡಿಸುವುದು, ಇವು ತಾಮ್ರವಿಲ್ಲದ ಮದ್ದುಗಳು.

ಕಲಸುವಾಗ ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡುವ ಹಳೆಯ ಪದ್ಧತಿಯನ್ನು ಬಿಟ್ಟವರು ಅದನ್ನು ಮತ್ತೆ ಶುರುಮಾಡಬೇಕು. ಚಾಕು ಕೆಂಪಗಾದರೆ ತಾಮ್ರ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಅಂಥ ದ್ರಾವಣ ಎಲೆಯನ್ನೂ ಸುಡುತ್ತದೆ.

ಮೇಲೆ ಸಂತವೇರಿ, ಕಲ್ಲತ್ತಿಗಿರಿ ಕಡೆ ಇಳಿಜಾರಿನಲ್ಲಿ ಕಾಫಿ ಮಾಡಿರುವವರಿಗೂ ಇದು ಸಂಬಂಧಿಸಿದ್ದೇ. ಎಲೆ ತುಕ್ಕಿಗೆ ಶೇಕಡ 0.5ರ ದ್ರಾವಣ ಸಾಕೆಂದು ಕಾಫಿ ಮಂಡಳಿ ಹೇಳುತ್ತ ಬಂದಿದೆ. ಅಡಿಕೆಗೆ ಕಲಸಿದ್ದೇ ಇದೆಯಲ್ಲ ಎಂದು ಶೇಕಡ 1ರದನ್ನೇ ಹೊಡೆದರೆ ತಾಮ್ರ ಇಮ್ಮಡಿ. ಅರೇಬಿಕಾಕ್ಕಿಂತ ರೊಬಸ್ಟಾಕ್ಕೆ ತುಕ್ಕಿನ ಕಾಟ ಕಡಿಮೆ. ಅರೇಬಿಕಾದಲ್ಲೂ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು 2007ರಲ್ಲಿ ಕೊಟ್ಟ ಚಂದ್ರಗಿರಿಯಂಥ ತಳಿ ತುಕ್ಕನ್ನು ತಡೆಯುವ ಶಕ್ತಿ ಇರುವಂಥದು. ಮರುನಾಟಿ ಮಾಡುವಾಗ ಇಳುವರಿಯೊಂದನ್ನೇ ನೋಡದೆ, ವರ್ಷಕ್ಕೆ ಎಷ್ಟು ಡ್ರಮ್ಮು ಉಳಿಯುತ್ತದೆ ಎಂದೂ ನೋಡಬೇಕು. ಗುಡ್ಡದ ಮೇಲ್ಮಣ್ಣು ಕೊಚ್ಚಿಹೋದರೆ ಅದರ ತಾಮ್ರ ಕೆಳಗಿನ ಅಡಿಕೆ ತೋಟಕ್ಕೋ ಕೆರೆಗೋ ಬಂದು ಸೇರುತ್ತದೆ.

ತಾಮ್ರದ ಮಾತು ಮುಗಿಸುವ ಮುಂಚೆ ಕ್ಯಾಡ್ಮಿಯಂ ಎಂಬ ಇನ್ನೊಂದು ಲೋಹದ ಹೆಸರನ್ನೂ ಹೇಳಿಬಿಡುತ್ತೇನೆ. ಇದರ ನಡತೆ ಬೇರೆ. ಬೇರಿನ ಬಾಗಿಲಲ್ಲಿ ಇದು ತಾಮ್ರದಷ್ಟು ನಿಲ್ಲದೆ ಎಲೆಗೂ ಕಾಳಿಗೂ ಏರುತ್ತದೆ. ಜಪಾನಿನ ಜಿಂಜು ನದಿಯ ದಂಡೆಯಲ್ಲಿ ಗಣಿಯ ನೀರು ಹರಿದ ಗದ್ದೆಯ ಅಕ್ಕಿ ಉಂಡವರ ಮೂಳೆ ಮುರಿದು ಬಿದ್ದ ರೋಗಕ್ಕೆ ಇದೇ ಕಾರಣವೆಂದು 1968ರಲ್ಲಿ ಅಲ್ಲಿನ ಸರ್ಕಾರ ಒಪ್ಪಿತು. ಚಾಕೊಲೇಟಿನಲ್ಲಿ ಇದು ಎಷ್ಟಿರಬಹುದೆಂದು ಯುರೋಪು 2019ರಿಂದ ಮಿತಿ ಹಾಕಿದ್ದು ಕೋಕೋ ಹಾಕಿರುವ ಸದಸ್ಯರಿಗೆ ತಿಳಿದಿರಲಿ. ನಮ್ಮ ತೋಟಕ್ಕೆ ಇದು ಬರಬಹುದಾದ ದಾರಿ ಎರಡು: ಪಟ್ಟಣದ ಕಸದಿಂದ ಮಾಡಿದ ಅಗ್ಗದ ಗೊಬ್ಬರ, ಮತ್ತು ಕೆಲವು ಮೂಲಗಳ ಶಿಲಾರಂಜಕ. ಬ್ಯಾಟರಿ, ಬಣ್ಣ, ಪ್ಲಾಸ್ಟಿಕ್ಕು ಬೆರೆತ ಗೊಬ್ಬರವನ್ನು ಲಾರಿಗಟ್ಟಲೆ ತರಿಸುವ ಮುಂಚೆ ಪರೀಕ್ಷೆಯ ಚೀಟಿ ಕೇಳಿ. ಕೊಡದಿದ್ದರೆ ಲಾರಿ ತಿರುಗಿ ಕಳಿಸಿ.

ಅಡಿಕೆಗೆ ಮಾತ್ರ ಸೇರಿದ, ಹೇಳಲು ಇಷ್ಟವಿಲ್ಲದ ಇನ್ನೊಂದು ಸಂಗತಿ ಉಂಟು. 1990ರ ದಶಕದಲ್ಲಿ ಲಂಡನ್ನಿನ ದಂತವೈದ್ಯ ಸಂಶೋಧಕರು ಅಡಿಕೆ ಪದಾರ್ಥಗಳಲ್ಲಿ ತಾಮ್ರ ಹೆಚ್ಚಿರುವುದನ್ನು ಅಳೆದು, ಜಗಿಯುವವರ ಬಾಯಿಯ ಒಳಪೊರೆ ಬಿಗಿದುಕೊಳ್ಳುವ ರೋಗಕ್ಕೂ ಇದಕ್ಕೂ ನಂಟಿರಬಹುದೆಂದು ಬರೆದರು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಮಂಡಳಿ ಅಡಿಕೆಯನ್ನೇ ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಕಾರಣ ತಾಮ್ರವೊಂದೇ ಅಲ್ಲ, ಅಡಿಕೆಯಲ್ಲೇ ಇರುವ ಅರೆಕೊಲೀನ್ ಮೊದಲಾದ ವಸ್ತುಗಳ ಪಾತ್ರ ದೊಡ್ಡದು. ತಾಮ್ರ ಕಡಿಮೆ ಮಾಡಿದರೆ ಆ ಅಪವಾದ ಹೋಗುತ್ತದೆಂದು ನಾನು ಸುಳ್ಳು ಭರವಸೆ ಕೊಡಲಾರೆ. ಆದರೆ ಸಭೆಗಳಲ್ಲಿ ಆ ಸಂಶೋಧನೆಗಳನ್ನೆಲ್ಲ ಪಿತೂರಿಯೆಂದು ಕೂಗಿ ಬರುವ ನಾವು, ನಮ್ಮ ಕೈಯಲ್ಲಿರುವ ಒಂದು ಅಂಶವನ್ನಾದರೂ ಅಳೆದು ನೋಡಿಲ್ಲವೆಂದರೆ ನಮ್ಮ ಮಾತಿಗೆ ತೂಕ ಬಾರದು.

ಅಳೆಯುವುದಕ್ಕೆ ಹೊಸ ವ್ಯವಸ್ಥೆಯೇನೂ ಬೇಕಾಗಿಲ್ಲ. 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡಿನ ಹನ್ನೆರಡು ಅಂಶಗಳಲ್ಲಿ ತಾಮ್ರವೂ ಒಂದು. ತೊಂದರೆ ಏನೆಂದರೆ ಆ ಕಾರ್ಡು ಹುಡುಕುವುದು ಕೊರತೆಯನ್ನು. ಗಿಡಕ್ಕೆ ಸಿಗುವ ತಾಮ್ರ 0.2 ಪಿಪಿಎಂಗಿಂತ ಕಡಿಮೆ ಇದ್ದರೆ ‘ಕೊರತೆ’, ಮೇಲಿದ್ದರೆ ‘ಸಾಕಷ್ಟು’. 2 ಇದ್ದವನಿಗೂ ‘ಸಾಕಷ್ಟು’, 40 ಇದ್ದವನಿಗೂ ‘ಸಾಕಷ್ಟು’. ಹೊಟ್ಟೆ ತುಂಬಿದವನನ್ನೂ ಹೊಟ್ಟೆ ಬಿರಿದವನನ್ನೂ ಒಂದೇ ಸಾಲಿನಲ್ಲಿ ಕೂರಿಸಿದಂತಾಯಿತು. ಆದ್ದರಿಂದ ಕಾರ್ಡಿನ ಮಾತನ್ನು ಬಿಟ್ಟು ಅಂಕಿಯನ್ನು ಓದಿರಿ.

ನಮ್ಮ ಸಂಘದ ಆಡಳಿತ ಮಂಡಳಿಯ ಮುಂದೆ ನನ್ನ ಸಲಹೆ ಇಷ್ಟು. ಮೈಲುತುತ್ತ ಕೊಡುವಾಗ ಸದಸ್ಯರ ಖಾತೆಯಲ್ಲಿ ರೂಪಾಯಿಯ ಪಕ್ಕದಲ್ಲಿ ಎಕರೆಗೆ ಎಷ್ಟು ಕಿಲೋ ಎಂಬ ಇನ್ನೊಂದು ಕಲಮು ಇರಲಿ. ಕಾಪರ್ ಆಕ್ಸಿಕ್ಲೋರೈಡು ಕೊಂಡರೆ ಅದರ ಅರ್ಧ ತೂಕ ತಾಮ್ರವೆಂದು ಅದನ್ನೂ ಸೇರಿಸಲಿ. ಮಳೆಗಾಲ ಕಳೆದ ಮೇಲೆ, ಮೂವತ್ತು ವರ್ಷಕ್ಕಿಂತ ಹಳೆಯ ಇಪ್ಪತ್ತು ತೋಟಗಳಿಂದ ಮಣ್ಣು ತೆಗೆಸಿ ನವುಲೆಯ ವಿಶ್ವವಿದ್ಯಾಲಯಕ್ಕೋ ಮೂಡಿಗೆರೆಗೋ ಬಾಳೆಹೊನ್ನೂರಿಗೋ ಸಂಘದ ವೆಚ್ಚದಲ್ಲಿ ಕಳಿಸಲಿ. ಮದ್ದು ಕಾಣದ ಪಕ್ಕದ ಕಾನಿನ ಮಣ್ಣನ್ನೂ ಪ್ರತಿ ತೋಟದ ಜೊತೆಗೆ ಒಂದು ಚೀಲ ಕಳಿಸಬೇಕು, ಇಲ್ಲದಿದ್ದರೆ ಹೋಲಿಕೆಗೆ ಏನೂ ಇರುವುದಿಲ್ಲ. ಮಣ್ಣನ್ನು ಮರದ ಬುಡದಿಂದ ಎರಡಡಿ ದೂರದಲ್ಲಿ, ಮೇಲಿನ ಅರ್ಧ ಅಡಿಯಿಂದ ಒಂದು, ಅದರ ಕೆಳಗಿನ ಅರ್ಧ ಅಡಿಯಿಂದ ಇನ್ನೊಂದು ಎಂದು ಬೇರೆ ಬೇರೆ ತೆಗೆಯತಕ್ಕದ್ದು. ಔಷಧಿ ಕಲಸುವ ಜಾಗದ ಮಣ್ಣನ್ನು ಇದರೊಂದಿಗೆ ಬೆರೆಸಬಾರದು; ಬೇಕಾದರೆ ಅದಕ್ಕೆ ಪ್ರತ್ಯೇಕ ಚೀಟಿ ಅಂಟಿಸಿ ಕಳಿಸಬಹುದು.